ಆಪತ್ತಿಗೆ ಕಟ್ಟಿಟ್ಟ ಗಂಟು

(ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮದು ಬರದ ಜಿಲ್ಲೆ. ನಮಗೆ ಆಪತ್ತು ಎಂದರೆ ಮಳೆ ಬಾರದಿರುವುದು. ನೆರೆ ಎಂಬುದು ಕೊಡಗಿಗೋ ಬೆಳಗಾವಿಗೋ ಸೇರಿದ್ದು ಎಂದೇ ತಿಳಿದಿದ್ದೆವು. ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದನ್ನು ನಾವು ಕೇಳಿದ್ದೇವೆಯೇ ಹೊರತು ಕಂಡವರಲ್ಲ. ಅದೇ ಜಲಾಶಯ 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ, 130 ಅಡಿ ಮುಟ್ಟಿ ಕೋಡಿ ಹರಿಯಿತು. ನೋಡಲು ಜನ ಜಾತ್ರೆಯಂತೆ ಹೋದರು. ಆದರೆ ಹೊಸದುರ್ಗ ತಾಲ್ಲೂಕಿನಲ್ಲಿ ಹಿನ್ನೀರು ತೋಟಗಳಿಗೆ ನುಗ್ಗಿತ್ತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಬರಕ್ಕೂ ನೆರೆಗೂ ಒಟ್ಟಿಗೆ ಸಿದ್ಧರಿರಬೇಕಾದ ಕಾಲ ಇದು.

ಸಿದ್ಧತೆ ನಮ್ಮ ಊರಿಗೆ ಹೊಸದಲ್ಲ. ಕೋಟೆಗೆ ಹೋದಾಗ ಮಕ್ಕಳಿಗೆ ಓಬವ್ವನ ಕಿಂಡಿ ತೋರಿಸಿ ಬಂದುಬಿಡುತ್ತೇವೆ. ಅಲ್ಲಿಯ ಎಣ್ಣೆ ಕೊಳ, ಕಣಜ, ಹೊಂಡಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿಸಿ. ಗೋಪಾಲಸ್ವಾಮಿ ಹೊಂಡ ತುಂಬಿ ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಹೊಂಡಗಳಿಗೆ ಇಳಿಯುವಂತೆ ಮಾಡಿದ್ದಾರೆ. 1779ರಲ್ಲಿ ಹೈದರಾಲಿಯ ವಶವಾಗುವ ಮೊದಲು ಈ ಕೋಟೆ ಮುತ್ತಿಗೆಗಳನ್ನು ತಡೆದದ್ದು ಬರೀ ಕಲ್ಲಿನ ಗೋಡೆಯಿಂದಲ್ಲ, ಒಳಗಿನ ನೀರು ಕಾಳುಗಳಿಂದಲೂ ಹೌದು.

ಹಳ್ಳಿಗಳಲ್ಲಿ ಹಗೇವು ಇರುತ್ತಿತ್ತು. ನೆಲದೊಳಗೆ ಹುಲ್ಲು ಹಾಸಿ ತುಂಬಿದ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಯುತ್ತಿದ್ದರು. ತುಂಬಿಡುವುದರ ಜೊತೆಗೆ ತೆಗೆದು ನೋಡುವ ಕ್ರಮವೂ ಅವರಿಗೆ ಗೊತ್ತಿತ್ತು. ನಾವು ಮರೆತಿರುವುದು ಈ ಎರಡನೆಯದನ್ನು. ಮನೆಯಲ್ಲಿ ಟಾರ್ಚ್ ಇರುತ್ತದೆ, ಸೆಲ್ಲು ಸೋರಿ ತುಕ್ಕು ಹಿಡಿದಿರುತ್ತದೆ. ಜ್ವರದ ಮಾತ್ರೆ ಇರುತ್ತದೆ, ಅದರ ಅವಧಿ ಮುಗಿದು ವರ್ಷವಾಗಿರುತ್ತದೆ.

ಆದ್ದರಿಂದ ವರ್ಷಕ್ಕೆ ಎರಡು ಸಲ ನೋಡಿ. ಜೂನ್‌ನಲ್ಲಿ ಶಾಲೆ ತೆರೆಯುವ ಮುನ್ನ ಒಮ್ಮೆ, ದಸರಾ ರಜೆಯಲ್ಲಿ ಒಮ್ಮೆ. ರಮಜಾನಿಗೆ ಮನೆ ತೊಳೆದು ಸುಣ್ಣ ಬಳಿಯುವಾಗ ನೋಡುವ ರೂಢಿ ಇದ್ದರೆ ಅದೂ ಒಳ್ಳೆಯದೇ. ಆ ತಿಂಗಳು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆಯೇ ಬರುವುದರಿಂದ ತಡವಾಗುವ ಭಯವಿಲ್ಲ.

ಶಿಕ್ಷಕನಾಗಿ ನಾನು ಹೆಚ್ಚು ಒತ್ತಿ ಹೇಳುವುದು ಕಾಗದಪತ್ರಗಳ ಬಗ್ಗೆ. ಅಕ್ಕಿ ನೆನೆದರೆ ಬೇರೆ ಅಕ್ಕಿ ಸಿಗುತ್ತದೆ. ಎಸ್‌.ಎಸ್‌.ಎಲ್‌.ಸಿ. ಅಂಕಪಟ್ಟಿ ನೆನೆದರೆ ಅದರ ನಕಲಿಗೆ ಎಷ್ಟು ಅಲೆಯಬೇಕು, ಅಷ್ಟರಲ್ಲಿ ಪ್ರವೇಶದ ದಿನಾಂಕ ಮುಗಿದಿರುತ್ತದೆ. ಹೆಣ್ಣುಮಗುವಾದರೆ 'ಇನ್ನು ಓದು ಸಾಕು' ಎನ್ನಲು ಕೆಲವರಿಗೆ ಅಷ್ಟೇ ನೆಪ ಸಾಕು. ಅಂಕಪಟ್ಟಿ, ವರ್ಗಾವಣೆ ಪತ್ರ, ಪಡಿತರ ಚೀಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲವನ್ನೂ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎತ್ತರದ ಗೂಡಿನಲ್ಲಿಡಿ. ಜೆರಾಕ್ಸ್ ಪ್ರತಿಗಳು ಬೇರೆ ಊರಿನ ಅಣ್ಣನ ಮನೆಯಲ್ಲೋ ತಂಗಿಯ ಮನೆಯಲ್ಲೋ ಇರಲಿ. ಜಾತಿ, ಆದಾಯ ಪ್ರಮಾಣಪತ್ರದ ಅವಧಿಯನ್ನೂ ನೋಡಿ. ವಿದ್ಯಾರ್ಥಿವೇತನದ ಅರ್ಜಿ ತುಂಬುವ ದಿನ ಅವಧಿ ಮುಗಿದದ್ದು ಗೊತ್ತಾದರೆ ಪ್ರಯೋಜನವಿಲ್ಲ.

ಉಳಿದದ್ದು ಸುಲಭ. ಮುಚ್ಚಳವಿರುವ ಕೊಡದಲ್ಲಿ ಕುಡಿಯುವ ನೀರು, ಅವಲಕ್ಕಿ, ಹುರಿಗಡಲೆ, ಬೆಲ್ಲ, ಬೆಂಕಿಪೊಟ್ಟಣ, ಅಜ್ಜ ಅಜ್ಜಿಯರ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಒಂದು ವಾರಕ್ಕಾಗುವಷ್ಟು. ಹಳೆಯದನ್ನು ಬಳಸಿ ಅದರ ಜಾಗಕ್ಕೆ ಹೊಸದನ್ನು ಇಡಿ. ಓ.ಆರ್‌.ಎಸ್‌. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಟೀ ಚಮಚವೇ ಆಗಿರಲಿ, ಉಪ್ಪು ಹೆಚ್ಚಾಗಬಾರದು. 112, 108 ಮತ್ತು ಬಂಧುಗಳ ನಂಬರುಗಳನ್ನು ಕಾಗದದಲ್ಲಿ ಬರೆದಿಡಿ, ಮೊಬೈಲ್ ಚಾರ್ಜ್ ಮುಗಿದಾಗ ಬೇಕಾಗುತ್ತದೆ.

ನೆರೆ ಬಂದಾಗ ಸರ್ಕಾರ ಕಾಳಜಿ ಕೇಂದ್ರ ತೆರೆಯುವುದು ಬಹುಪಾಲು ಶಾಲೆಗಳಲ್ಲೇ. ನಿಮ್ಮ ಹತ್ತಿರದ ಎತ್ತರದ ಶಾಲೆ ಯಾವುದು, ಅದರ ಬೀಗದ ಕೈ ಯಾರ ಬಳಿ ಇರುತ್ತದೆ, ಅಲ್ಲಿ ಹೆಂಗಸರಿಗೆ ಶೌಚಾಲಯವಿದೆಯೇ ಎಂದು ಈಗಲೇ ಕೇಳಿ ತಿಳಿಯಿರಿ. ಶೌಚಾಲಯ ಸರಿಯಿಲ್ಲದಿದ್ದರೆ ಎಸ್‌.ಡಿ.ಎಂ.ಸಿ. ಸಭೆಯಲ್ಲಿ ತಾಯಂದಿರೇ ಎದ್ದು ಹೇಳಬೇಕು.

ದಸರಾ ರಜೆಯಲ್ಲಿ ಮನೆಯ ತುರ್ತು ಸಾಮಾನಿನ ಪಟ್ಟಿಯನ್ನು ಬರೆದು ತರಲು ನನ್ನ ತರಗತಿಯ ಮಕ್ಕಳಿಗೆ ಹೇಳಿದ್ದೇನೆ. ಪ್ರತಿಯೊಂದರ ಎದುರು ಅದರ ಅವಧಿಯ ದಿನಾಂಕವೂ ಇರಬೇಕು. ಉರ್ದುವಿನಲ್ಲಿ ಬರೆದರೂ ಸರಿ, ಕನ್ನಡದಲ್ಲಿ ಬರೆದರೂ ಸರಿ. ಡಬ್ಬಿ ತೆಗೆಯಲು ಬಂದಾಗ ದಯವಿಟ್ಟು ಅವರನ್ನು ಗದರಿಸಬೇಡಿ.