ವಿಮೆಗೆ ಒತ್ತಾಯವೋ, ಒಪ್ಪಿಗೆಯೋ?

(ಪತ್ತಿನ ಸಹಕಾರಿ ಸಂಘದ ಸದಸ್ಯರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರ, ಹುಳದ ಔಷಧಿ ಇವುಗಳನ್ನು ಬಿಟ್ಟು ಈ ಹೊತ್ತು ದವಾಖಾನೆಯ ಖರ್ಚಿನ ಮಾತು ಎತ್ತಿದ್ದೇನೆ. ನಾನು ಕೃಷಿ ಡಿಪ್ಲೊಮಾ ಓದಿದವನು, ವೈದ್ಯನಲ್ಲ. ಆದರೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹಳ್ಳಿಗಳಲ್ಲಿ ಒಂದೇ ಮಾತು ಕಿವಿಗೆ ಬೀಳುತ್ತದೆ. ಹಾನಗಲ್ಲಿನ ಕಡೆಯವರು ಭತ್ತ ಬೆಳೆಯಲಿ, ಹಿರೇಕೆರೂರಿನ ಕಡೆಯವರು ಗೋವಿನಜೋಳ ಬೆಳೆಯಲಿ, ಸವಣೂರಿನವರು ಎಲೆಬಳ್ಳಿ ನೋಡಿಕೊಳ್ಳಲಿ, ಸಾಲ ಏಕೆ ಏರಿತೆಂದು ಕೇಳಿದರೆ ಮಳೆಯ ಹೆಸರು ಹೇಳಿದ ಮೇಲೆ ಆಸ್ಪತ್ರೆಯ ಹೆಸರು ಹೇಳುತ್ತಾರೆ.

ಮಳೆ ಕೈಕೊಟ್ಟ ವರ್ಷ ರೈತನು ಹೇಗೋ ಹೊಟ್ಟೆ ಕಟ್ಟಿ ನಿಭಾಯಿಸಿಯಾನು. ಮನೆಯ ಯಜಮಾನನಿಗೆ ಎದೆನೋವು ಬಂದರೆ ನಾಳೆ ನೋಡೋಣ ಎನ್ನುವಂತಿಲ್ಲ. ಆ ರಾತ್ರಿಯೇ ಹುಬ್ಬಳ್ಳಿಗೋ ದಾವಣಗೆರೆಗೋ ಗಾಡಿ ಮಾಡಬೇಕು, ಕೇಳಿದ ಬಡ್ಡಿಗೆ ಹಣ ತರಬೇಕು. ಮಾರುವವನಿಗೆ ಅವಸರವಿದೆ ಎಂದು ಗೊತ್ತಾದರೆ ಎತ್ತಿನ ಬೆಲೆ ಏನಾಗುತ್ತದೆಂಬುದು ಸಂತೆ ಕಂಡ ನಿಮಗೆ ನಾನು ಹೇಳಬೇಕಾಗಿಲ್ಲ.

ಆದುದರಿಂದಲೇ ಈಗ ಒಂದು ಪ್ರಶ್ನೆ ಎದ್ದಿದೆ. ಸಂಘದ ಪ್ರತಿಯೊಬ್ಬ ಸದಸ್ಯನಿಗೂ ಯಶಸ್ವಿನಿ ಯೋಜನೆಯನ್ನು ಕಡ್ಡಾಯ ಮಾಡಿ, ಬೆಳೆಸಾಲ ಕೊಡುವಾಗಲೇ ಅದರ ಕಂತನ್ನು ಏಕೆ ಹಿಡಿದುಕೊಳ್ಳಬಾರದು? ನಮ್ಮ ರೊಕ್ಕ, ನಮ್ಮ ಮೈ, ಇವರಿಗೇನು ಅಧಿಕಾರ ಎಂದು ಕೇಳುವವರೂ ಇದ್ದಾರೆ. ಎರಡೂ ಕಡೆಯ ಮಾತಿನಲ್ಲಿ ಹುರುಳಿದೆ.

ಯೋಜನೆ ಹೊಸದಲ್ಲ. ಡಾ. ದೇವಿ ಶೆಟ್ಟಿಯವರ ಸಲಹೆಯ ಮೇಲೆ ರಾಜ್ಯದ ಸಹಕಾರ ಇಲಾಖೆ ಇದನ್ನು ಕೈಗೆತ್ತಿಕೊಂಡು 2003ರ ಜೂನಿನಿಂದ ಜಾರಿಗೆ ತಂದಿತು. ಆಗ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ 5 ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು, ಎರಡನೆಯ ವರ್ಷ 20 ಲಕ್ಷ ದಾಟಿತು. ಮೂರನೆಯ ವರ್ಷ ಕಂತು 120 ರೂಪಾಯಿ ಆಯಿತು. ಸದಸ್ಯರ ಸಂಖ್ಯೆ 15 ಲಕ್ಷದ ಒಳಗೆ ಇಳಿಯಿತು. 2018ರಲ್ಲಿ ಯೋಜನೆಯನ್ನು ಆರೋಗ್ಯ ಕರ್ನಾಟಕದಲ್ಲಿ ಸೇರಿಸಿಬಿಟ್ಟರು. ಸಹಕಾರಿಗಳು ಮತ್ತೆ ಬೇಕೆಂದು ಕೇಳುತ್ತಲೇ ಇದ್ದರು. 2022ರ ಮುಂಗಡಪತ್ರದಲ್ಲಿ, ಆಗ ಶಿಗ್ಗಾವಿಯ ಶಾಸಕರೂ ಆಗಿದ್ದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಮರುಜಾರಿ ಮಾಡುವುದಾಗಿ ಸಾರಿದರು. 2023ರ ಜನವರಿಯಿಂದ ಚಿಕಿತ್ಸೆ ದೊರೆಯತೊಡಗಿತು. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ಮೇಲೆ ಒಬ್ಬೊಬ್ಬರಿಗೆ 100 ರೂಪಾಯಿ ಎಂದು ಗೊತ್ತುಮಾಡಿದರು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಸದಸ್ಯರ ಕಂತನ್ನು ಸರಕಾರವೇ ವಹಿಸಿಕೊಂಡಿತು. ಕುಟುಂಬಕ್ಕೆ ವರ್ಷದಲ್ಲಿ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ.

ಈಗ ಆ ಮೂರನೆಯ ವರ್ಷದ ಕಡೆ ಸ್ವಲ್ಪ ನೋಡಿರಿ. ಕಂತು ಏರಿದಾಗ ಯಾರು ಬಿಟ್ಟುಹೋಗುತ್ತಾರೆ? ಮಂಡಿ ನೋವಿನ ಮುದುಕನು ಬಿಡಲಾರ, ಹೆಂಡತಿಗೆ ಗರ್ಭಕೋಶದ ತೊಂದರೆ ಇರುವವನು ಬಿಡಲಾರ. ಕಲ್ಲಿನಂತೆ ಗಟ್ಟಿಮುಟ್ಟಾಗಿರುವ ತರುಣನು ಬಿಡುತ್ತಾನೆ. ಅವನು ಬಿಟ್ಟರೆ ಉಳಿದವರ ಮೇಲೆ ಭಾರ ಹೆಚ್ಚುತ್ತದೆ, ಮತ್ತೆ ಕಂತು ಏರಿಸಬೇಕಾಗುತ್ತದೆ, ಮತ್ತಷ್ಟು ಜನ ಬಿಡುತ್ತಾರೆ. ನಮ್ಮ ಮುಯ್ಯಾಳಿನ ಪದ್ಧತಿಯನ್ನೇ ತೆಗೆದುಕೊಳ್ಳಿ. ತನ್ನ ಹೊಲ ಕೊಯ್ಲಿಗೆ ಬಂದ ದಿನ ಮಾತ್ರ ಬಂದು ನಿಲ್ಲುವವರೇ ಎಲ್ಲರೂ ಆದರೆ ಮುಯ್ಯಿ ಎಷ್ಟು ದಿನ ನಡೆದೀತು? ಕಡ್ಡಾಯ ಬೇಕೆನ್ನುವವರ ವಾದದ ಬೇರು ಇಲ್ಲಿದೆ.

ಬೇರೆ ಕಡೆ ಈ ಕಾರಣಕ್ಕೇ ಕಾನೂನು ಮಾಡಿದ್ದಾರೆ. ಜರ್ಮನಿಯಲ್ಲಿ 1883ರಲ್ಲೇ ಕಾರ್ಮಿಕರಿಗೆ ಕಾಯಿಲೆಯ ವಿಮೆ ಕಡ್ಡಾಯವಾಯಿತು. ಅಮೆರಿಕೆಯಲ್ಲಿ 2010ರ ಕಾನೂನು ವಿಮೆ ಮಾಡಿಸದವರಿಗೆ ದಂಡ ಹಾಕಿತು. ಜನ ದೊಡ್ಡ ಜಗಳ ಮಾಡಿದರು, 2019ರಿಂದ ಕೇಂದ್ರ ಸರಕಾರದ ಆ ದಂಡ ಸೊನ್ನೆಗಿಳಿಯಿತು. ನಮ್ಮಲ್ಲಿಯೂ 1948ರ ಕಾನೂನಿನಿಂದ ಆರಂಭವಾದ ಇ.ಎಸ್.ಐ. ಕಾರಖಾನೆಯ ಕೆಲಸಗಾರನಿಗೆ ಉಂಟು. ಹುಬ್ಬಳ್ಳಿಗೆ ದುಡಿಯಲು ಹೋದ ನಿಮ್ಮ ಮಗನ ಸಂಬಳದ ಚೀಟಿ ನೋಡಿರಿ. 2019ರ ಜುಲೈಯಿಂದ ನೂರು ರೂಪಾಯಿಗೆ ಅವನ ಪಾಲು 75 ಪೈಸೆ, ಮಾಲಕನ ಪಾಲು 3 ರೂಪಾಯಿ 25 ಪೈಸೆ. ಮಗನಿಗೆ ಒತ್ತಾಯವಿದೆ, ಆದರೆ ನಾಲ್ಕರಷ್ಟು ಕೊಡುವ ಮಾಲಕನೂ ಇದ್ದಾನೆ. ಹೊಲದಲ್ಲಿ ದುಡಿಯುವ ತಂದೆಗೆ ಅಂಥ ಮಾಲಕ ಯಾರು? ಸರಕಾರವು ತನ್ನ ಪಾಲು ತುಂಬದೆ ರೈತನ ಮೇಲೆ ಮಾತ್ರ ಕಡ್ಡಾಯ ಹೇರಿದರೆ ಅದು ವಿಮೆಯಲ್ಲ, ಇನ್ನೊಂದು ಪಟ್ಟಿ ಎಂದು ನಾನು ತಿಳಿಯುತ್ತೇನೆ.

ಒತ್ತಾಯದ ರುಚಿ ನಮಗೆ ಗೊತ್ತಿಲ್ಲದ್ದೇನಲ್ಲ. ಬೆಳೆವಿಮೆಯನ್ನು ನೆನೆಯಿರಿ. 2016ರ ಫಸಲ್ ಬಿಮಾ ಯೋಜನೆಯಲ್ಲಿ ಬೆಳೆಸಾಲ ಪಡೆದವರಿಗೆ ವಿಮೆ ಕಡ್ಡಾಯವಾಗಿತ್ತು. ಖಾತೆಯಿಂದ ಕಂತು ಹೋಗುತ್ತಿತ್ತು. ಯಾವ ಬೆಳೆಗೆ ಹೋಯಿತು, ಎಷ್ಟು ಹೋಯಿತು ಎಂದು ತಿಳಿಯದ ರೈತರನ್ನು ನಾನೇ ಕಂಡಿದ್ದೇನೆ. ಹತ್ತಿ ಬಿತ್ತಿದವನ ಹೆಸರಿನಲ್ಲಿ ಗೋವಿನಜೋಳ ಬರೆದಿದ್ದರೆ ಪರಿಹಾರ ಹೇಗೆ ಬಂದೀತು? 2020ರ ಮುಂಗಾರಿನಿಂದ ಆ ಕಡ್ಡಾಯವನ್ನು ತೆಗೆದರು. ತಿಳಿಯದೆ ಕೊಟ್ಟ ಕಂತಿನ ಲಾಭವನ್ನು ಕೇಳಿ ಪಡೆಯುವ ಧೈರ್ಯವೂ ರೈತನಿಗೆ ಬರುವುದಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ಈ ಅಜ್ಞಾನ ಇನ್ನೂ ಹಾನಿ ಮಾಡುತ್ತದೆ. ಕಾರ್ಡು ಪೆಟ್ಟಿಗೆಯಲ್ಲಿದ್ದು ಕೈಯಿಂದ ಹಣ ಕಟ್ಟಿ ಬಂದವರೂ ಇದ್ದಾರೆ.

ಹಾಗಾದರೆ ನಾನು ಯಾವ ಕಡೆ? ಎಲ್ಲರೂ ಸೇರಬೇಕು ಎಂಬ ಕಡೆ. ಆದರೆ ಸಾಲದ ಖಾತೆಯಲ್ಲಿ ಬೆನ್ನ ಹಿಂದೆ ಹಿಡಿದುಕೊಳ್ಳಕೂಡದು. ಸಂಘದ ಮಹಾಸಭೆಯಲ್ಲಿ ವಿಷಯ ಬರಲಿ, ಚರ್ಚೆಯಾಗಲಿ, ಹೆಣ್ಣುಮಕ್ಕಳನ್ನೂ ಕರೆಯಿರಿ, ಏಕೆಂದರೆ ಮನೆಯಲ್ಲಿ ಕೊನೆಗೆ ಔಷಧಿ ಕಾಣುವವರು ಅವರೇ. ಒಪ್ಪಿದವರು ಸಹಿ ಮಾಡಿ ಕೊಡಲಿ. ಕಂತು ಕಟ್ಟಲಾರದ ಮನೆಗಳಿದ್ದರೆ ಸಂಘದ ಲಾಭದಿಂದ ಕಾಯಿದೆಯ ಮೇರೆಯೊಳಗೆ ನೆರವಾಗಬಹುದೇ ಎಂದು ಕಾರ್ಯದರ್ಶಿಗಳು ವಿಚಾರಿಸಲಿ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದು ಬಡ್ಡಿಯ ಬಾಯಿಂದ ರೈತನನ್ನು ಬಿಡಿಸಲಿಕ್ಕೆ. ಆಸ್ಪತ್ರೆಗೆಂದು ತಂದ ಸಾಲಕ್ಕೂ ಬಡ್ಡಿ ಏರುವುದೇ ಅಲ್ಲವೇ?

ಪಡಿತರದ ಬಿ.ಪಿ.ಎಲ್. ಕಾರ್ಡು ಇದೆ, ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಲ್ಲಿ 5 ಲಕ್ಷ ರೂಪಾಯಿಯವರೆಗೆ ಇದೆ, ಮತ್ತೇಕೆ 500 ರೂಪಾಯಿ ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಅಲ್ಲಿ ತುರ್ತು ಪ್ರಸಂಗ ಬಿಟ್ಟರೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು; ಅವರು ಚೀಟಿ ಬರೆದುಕೊಟ್ಟ ಮೇಲೆ ಖಾಸಗಿ ಆಸ್ಪತ್ರೆ. ಎ.ಪಿ.ಎಲ್. ಕುಟುಂಬಕ್ಕಂತೂ ನಿಗದಿ ದರದ ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ನಾಲ್ಕಾರು ಎಕರೆ ಇದ್ದು ಬಿ.ಪಿ.ಎಲ್. ಕಾರ್ಡು ಸಿಗದವನಿಗೆ ಯಶಸ್ವಿನಿಯ ಅವಶ್ಯಕತೆ ಹೆಚ್ಚು.

ಇನ್ನು ವಿಮೆ ಇದ್ದರೆ ಎಲ್ಲವೂ ಪುಕ್ಕಟೆ ಎಂಬ ಭ್ರಮೆ ಬೇಡ. ಇದು ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ, ಒಳರೋಗಿಯಾಗಿ ಮಲಗಿದವರಿಗೆ. ಸಕ್ಕರೆ ಕಾಯಿಲೆಯ ದಿನದಿನದ ಗುಳಿಗೆ, ಬಸ್ಸಿನ ಖರ್ಚು, ಜೊತೆಗೆ ಹೋದವರ ಊಟ, ಕೂಲಿ ತಪ್ಪಿದ ದಿನಗಳು ನಿಮ್ಮವೇ. ದೇಶದ ಲೆಕ್ಕ ನೋಡಿದರೆ 2013-14ರಲ್ಲಿ ಆರೋಗ್ಯಕ್ಕಾದ ನೂರು ರೂಪಾಯಿ ಖರ್ಚಿನಲ್ಲಿ ಸುಮಾರು 64 ರೂಪಾಯಿ ಜನರ ಕೈಯಿಂದಲೇ ಹೋಗುತ್ತಿತ್ತು, 2021-22ರಲ್ಲಿ ಸುಮಾರು 39. ಇಳಿದಿದೆ, ನಿಜ, ಆದರೂ ಬಡವನಿಗೆ ಅದು ಚಿಕ್ಕ ಮೊತ್ತವಲ್ಲ. ಗುಳಿಗೆಗಳನ್ನು ಜನೌಷಧಿ ಅಂಗಡಿಯಲ್ಲಿ ಕೇಳಿರಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದ ಒತ್ತಡ ನೋಡಿಸಲು ಕಾಸಿಲ್ಲ. ಎತ್ತಿನ ಕಾಲಿಗೆ ಮುಳ್ಳು ಚುಚ್ಚಿದರೆ ಅಂದೇ ನೋಡುತ್ತೇವೆ, ಸ್ವಂತ ತಲೆಸುತ್ತನ್ನು ಸುಗ್ಗಿ ಮುಗಿಯಲಿ ಎಂದು ಬಿಟ್ಟಿರುತ್ತೇವೆ.

ನೋಂದಣಿಯನ್ನು ಪ್ರತಿ ವರ್ಷ ಹೊಸದಾಗಿ ಮಾಡಿಸಬೇಕು. ಹಳೆಯ ಕಾರ್ಡು ನಡೆಯುವುದಿಲ್ಲ. ಹಣ ಕಟ್ಟಿದೊಡನೆ ಸಂಘದ ರಶೀದಿ ಪಡೆಯಿರಿ. ಆಸ್ಪತ್ರೆ ಈ ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿ ಹೋಗಿರಿ, ಶಸ್ತ್ರಕ್ರಿಯೆಗೆ ಮುಂಚೆ ಯೋಜನೆಯ ಅನುಮತಿ ಬಂದಿದೆಯೇ ಎಂದು ಕೇಳಿರಿ. ಕಂತಿನ ಮೊತ್ತ, ಹೆಸರು ಬರೆಸುವ ಕೊನೆಯ ದಿನ ಇವು ಆಯಾ ವರ್ಷದ ಆದೇಶದಂತೆ ಬದಲಾಗುವುದರಿಂದ ಸಂಘದ ಹಲಗೆಯ ಮೇಲೆ ಬರೆದು ಹಾಕಬೇಕೆಂದು ಕಾರ್ಯದರ್ಶಿಗಳನ್ನು ಕೇಳಿಕೊಂಡಿದ್ದೇನೆ. ಮಹಾಸಭೆಯ ಸೂಚನಾಪತ್ರದಲ್ಲಿ ಈ ವಿಷಯವನ್ನು ಸೇರಿಸಬೇಕೆಂಬ ಅರ್ಜಿ ಇಲ್ಲಿ ಮೇಜಿನ ಮೇಲಿದೆ. ಪರವಾಗಿರುವವರೂ ವಿರೋಧವಾಗಿರುವವರೂ ಸಹಿ ಮಾಡಬಹುದು. ಚರ್ಚೆ ನಡೆಯಲಿ ಎಂದಷ್ಟೇ ಅದರಲ್ಲಿದೆ.