ಲಾರಿಯ ಭಾರ, ಸೇತುವೆಯ ಬಲ



ಹಳೆಯ ಸೇತುವೆಗಳ ಮೊದಲಿಗೆ ನೆಟ್ಟಿರುವ ಒಂದು ದುಂಡು ಫಲಕವನ್ನು ತಾವು ನೋಡಿರಬಹುದು. ಕೆಂಪು ಅಂಚಿನ ನಡುವೆ ಒಂದು ಅಂಕಿ, ಅದರ ಮಗ್ಗುಲಲ್ಲಿ ಟನ್ನಿನ ಗುರುತು, ಅಷ್ಟೆ. ಬಸ್ಸಿನಲ್ಲಿಯೋ ಕಾರಿನಲ್ಲಿಯೋ ಕುಳಿತು ಹೋಗತಕ್ಕ ನಮಗೆ ಆ ಫಲಕವು ದಾರಿಯ ಬದಿಯ ಮೈಲುಗಲ್ಲಿನಷ್ಟು ಕೂಡ ಸಂಬಂಧವಿಲ್ಲದ ವಸ್ತು. ಅದು ಮಾತನಾಡುವುದು ಲಾರಿಯ ಡ್ರೈವರನೊಡನೆ. ಇಷ್ಟಕ್ಕೆ ಮೇಲ್ಪಟ್ಟ ಭಾರವಿದ್ದರೆ ಮುಂದಕ್ಕೆ ಬರಕೂಡದು ಎಂಬುದು ಅದರ ಆಜ್ಞೆ. ಆಜ್ಞೆಯೇನೋ ಸ್ಪಷ್ಟವಾಗಿಯೇ ಇದೆ. ಆದರೆ ಯಾರನ್ನು ಕುರಿತು ಅದನ್ನು ಬರೆದಿದೆಯೋ ಆತನಿಗೆ ಅದನ್ನು ನಡೆಸುವ ಶಕ್ತಿ ಎಷ್ಟರಮಟ್ಟಿಗೆ ಇದೆ ಎಂಬುದನ್ನು ಈ ಹೊತ್ತು ತಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇವೆ.

ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರು ಕಾವೇರಿಗೆ ಅಡ್ಡಲಾಗಿ ಕಟ್ಟಿಸಿದ, ವೆಲ್ಲೆಸ್ಲಿಯ ಹೆಸರನ್ನು ಹೊತ್ತ ಸೇತುವೆಯನ್ನು ಅನೇಕರು ಬಲ್ಲರು. ಅದರ ಕೆಲಸ ಮುಗಿದುದು 1804 ರಲ್ಲಿ. ಕಲ್ಲಿನ ಕಂಬ, ಕಂಬದ ಮೇಲೆ ಕಲ್ಲಿನ ಬೋದಿಗೆ, ಬೋದಿಗೆಯ ಮೇಲೆ ಕಲ್ಲಿನ ತೊಲೆ. ದೇವಸ್ಥಾನದ ಮಂಟಪವನ್ನೇ ಉದ್ದಕ್ಕೆ ಎಳೆದು ಹೊಳೆಯ ಮೇಲೆ ಇಟ್ಟಂತೆ ಕಾಣುತ್ತದೆ. ಅದನ್ನು ಕಟ್ಟಿದವರ ಕಣ್ಣ ಮುಂದೆ ಇದ್ದುದು ಎತ್ತಿನ ಗಾಡಿ, ಹೇರೆತ್ತು, ಹೆಚ್ಚೆಂದರೆ ಫಿರಂಗಿಯ ಬಂಡಿ. ಎತ್ತಿನ ಗಾಡಿಯ ಹೇರು ಒಂದು ಟನ್ನಿನ ಆಸುಪಾಸು. ಕಾವೇರಿಯ ಎಷ್ಟೋ ಪ್ರವಾಹಗಳನ್ನು ಆ ಕಲ್ಲು ತಾಳಿಕೊಂಡಿತು. ನೀರನ್ನು ತಾಳಿಕೊಳ್ಳುವುದು ಬೇರೆ, ಇಂದಿನ ಲಾರಿಯನ್ನು ತಾಳಿಕೊಳ್ಳುವುದು ಬೇರೆ.

ಸೇತುವೆಯನ್ನು ಕಟ್ಟುವ ಇಂಜನಿಯರು ತನ್ನ ಕಾಲದ ಬಂಡಿಗಳನ್ನು ನೋಡಿ ಲೆಕ್ಕ ಹಾಕುತ್ತಾನೆ. 1934 ರಲ್ಲಿ ಸ್ಥಾಪಿತವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರು ಈ ಲೆಕ್ಕಕ್ಕೆ ತರಗತಿಗಳನ್ನು ಗೊತ್ತುಮಾಡಿದ್ದಾರೆ. ಎ ತರಗತಿಯ ಸೇತುವೆಗೆ ಅತ್ಯಂತ ಭಾರವಾದ ಆಕ್ಸಲ್, ಅಂದರೆ ಗಾಲಿಗಳ ಅಚ್ಚು, 11.4 ಟನ್ನು ಒತ್ತುವುದೆಂದು ಭಾವಿಸಬೇಕು. ಬಿ ತರಗತಿಯ ಸೇತುವೆಗೆ 6.8 ಟನ್ನು. ಇತ್ತ ಕಾಯಿದೆಯ ಕಡೆಗೆ ನೋಡಿದರೆ, ನಾಲ್ಕು ಟಯರುಗಳ ಹಿಂದಿನ ಆಕ್ಸಲ್ಲಿಗೆ 10.2 ಟನ್ನಿದ್ದ ಮಿತಿಯನ್ನು ಕೇಂದ್ರ ಸರಕಾರದವರು 2018 ರಲ್ಲಿ 11.5 ಟನ್ನಿಗೆ ಏರಿಸಿದರು. ಎರಡು ಆಕ್ಸಲ್ಲಿನ ಸಾಧಾರಣ ಲಾರಿಯ ಒಟ್ಟು ಭಾರವು 16.2 ಟನ್ನಿನಿಂದ 18.5 ಟನ್ನಾಯಿತು. ಎಂಜಿನುಗಳೂ ಟಯರುಗಳೂ ಸುಧಾರಿಸಿರುವಾಗ ಇದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ಹಳ್ಳಿಗಾಡಿನ ಹಳೆಯ ಸೇತುವೆಗೆ ಈ ಆಜ್ಞೆಯ ಪ್ರತಿಯನ್ನು ಯಾರೂ ಕಳುಹಿಸಲಿಲ್ಲ. ಕಾಯಿದೆಯನ್ನು ಒಂದು ಕಿಲೋ ಕೂಡ ಮೀರದ ಲಾರಿಯೂ ಅಂತಹ ಸೇತುವೆಗೆ ಅಧಿಕ ಭಾರವಾಗಬಹುದು. ದುಂಡು ಫಲಕವನ್ನು ನೆಡಬೇಕಾಗುವುದು ಮುಖ್ಯವಾಗಿ ಇದರಿಂದಲೇ.

ಇಲ್ಲಿ ಒಟ್ಟು ತೂಕವೊಂದನ್ನೇ ನೋಡಿದರೆ ಸಾಲದು. ಹತ್ತಾರು ಗಾಲಿಗಳ ಉದ್ದನೆಯ ಟ್ರೇಲರು ತನ್ನ ಭಾರವನ್ನು ಹರಡಿ ಒತ್ತುತ್ತದೆ; ಗಿಡ್ಡನೆಯ ಟಿಪ್ಪರು ಅದಕ್ಕಿಂತ ಕಡಮೆ ತೂಗಿದರೂ ಒಂದೇ ಕಡೆ ಒತ್ತುತ್ತದೆ. ಸೇತುವೆಯ ಮೇಲೆ ಗುಂಡಿ ಬಿದ್ದಿದ್ದರೆ ಗಾಲಿಯು ಹಾರಿ ಕುಕ್ಕುವಾಗ ಹತ್ತು ಟನ್ನು ಇನ್ನೂ ಹೆಚ್ಚಿನ ಪೆಟ್ಟನ್ನು ಕೊಡುತ್ತದೆ. ನಿಧಾನವಾಗಿ ಹೋಗಿ, ಒಂದು ವಾಹನ ದಾಟಿದ ಮೇಲೆ ಇನ್ನೊಂದು ಹೋಗಲಿ ಎಂದು ಬರೆದಿರುವುದು ಸುಮ್ಮನೆ ಅಲ್ಲ. ಇತ್ತ ಸೇತುವೆಯ ಬಲವಾದರೂ ಕಟ್ಟಿದ ದಿನದಂತೆ ಉಳಿಯುವುದಿಲ್ಲ. ಕಡಲ ತೀರದ ಉಪ್ಪುಗಾಳಿಗೆ ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕುಹಿಡಿಯುತ್ತದೆ. ಪ್ರವಾಹವು ಕಂಬದ ಬುಡದ ಮಣ್ಣನ್ನು ಕೊರೆಯುತ್ತದೆ. ಇವೆರಡೂ ಮೇಲಿನಿಂದ ಕಾಣುವಂತಹವಲ್ಲ.

ರಸ್ತೆಯ ಲೆಕ್ಕವು ಇನ್ನೊಂದು ಬಗೆ. ಸೇತುವೆ ಒಂದು ದಿನ ಮುರಿಯುತ್ತದೆ, ರಸ್ತೆ ದಿನವೂ ಸವೆಯುತ್ತದೆ. ಅಮೆರಿಕಾ ದೇಶದ ಇಲಿನಾಯ್ ಪ್ರಾಂತದ ಒಟ್ಟಾವಾ ಎಂಬಲ್ಲಿ 1958 ರಿಂದ 1960 ರವರೆಗೆ ಲಾರಿಗಳನ್ನು ಒಂದೇ ಸಮನೆ ಓಡಿಸಿ ಪರೀಕ್ಷೆ ಮಾಡಿದರು. ಆಕ್ಸಲ್ಲಿನ ಭಾರವು ಹೆಚ್ಚಿದಂತೆ ರಸ್ತೆಗಾಗುವ ಹಾನಿಯು ಸುಮಾರಾಗಿ ಆ ಭಾರದ ನಾಲ್ಕನೆಯ ಘಾತದಂತೆ ಹೆಚ್ಚುವುದೆಂದು ಅದರಿಂದ ತಿಳಿದುಬಂತು. ಭಾರವನ್ನು ಒಂದೂವರೆ ಪಟ್ಟು ಮಾಡಿದರೆ ಹಾನಿಯು ಐದು ಪಟ್ಟು. ಎರಡು ಪಟ್ಟು ಮಾಡಿದರೆ ಹಾನಿಯು ಹದಿನಾರು ಪಟ್ಟು. ಲಾರಿಯ ಮಾಲೀಕನು ಅರ್ಧ ಲೋಡಿನ ಬಾಡಿಗೆಯನ್ನು ಹೆಚ್ಚಾಗಿ ಪಡೆದಾಗ ರಸ್ತೆಯು ತನ್ನ ಆಯುಸ್ಸಿನಿಂದ ಎಷ್ಟನ್ನು ತೆತ್ತಿತೆಂಬುದನ್ನು ಇದರ ಮೇಲೆ ಊಹಿಸಿಕೊಳ್ಳಬಹುದು. ಆ ಸಾಲವು ಯಾವ ರಸೀತಿಯಲ್ಲಿಯೂ ಬರುವುದಿಲ್ಲ. ಮುಂದಿನ ಮಳೆಗಾಲದಲ್ಲಿ ಗುಂಡಿಯಾಗಿ ಬರುತ್ತದೆ. ಬಳ್ಳಾರಿಯ ಅದಿರು ಲಾರಿಗಳು ಹೊಸಪೇಟೆಯಿಂದ ಅಂಕೋಲೆಯ ಕಡೆಗೆ ಸಾಲುಗಟ್ಟಿ ಹೊರಟಿದ್ದ ವರ್ಷಗಳಲ್ಲಿ ಆ ದಾರಿಯನ್ನು ಹಾದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಲೋಕಾಯುಕ್ತರಾಗಿದ್ದು 2011 ರ ಜುಲೈ ತಿಂಗಳಲ್ಲಿ ಒಪ್ಪಿಸಿದ ಗಣಿ ವರದಿಯಲ್ಲಿ ಅಧಿಕ ಭಾರದ ವಿಷಯವೂ ಸೇರಿದೆ.

ಇನ್ನು ಡ್ರೈವರನ ವಿಷಯಕ್ಕೆ ಬರೋಣ. ಲಾರಿಗೆ ಎಷ್ಟು ತುಂಬಬೇಕೆಂಬುದನ್ನು ನಿಶ್ಚಯಿಸುವವನು ಸಾಮಾನ್ಯವಾಗಿ ಆತನಲ್ಲ. ಸರಕಿನ ಧಣಿಯು ಒಬ್ಬ, ಬಾಡಿಗೆ ಗೊತ್ತುಮಾಡುವ ಏಜೆಂಟನು ಇನ್ನೊಬ್ಬ, ಲಾರಿಯ ಮಾಲೀಕನು ಮತ್ತೊಬ್ಬ. ಇವರ ಮಾತುಕತೆ ಮುಗಿದು ಹಮಾಲರು ಟಾರ್ಪಾಲು ಬಿಗಿದ ಮೇಲೆ ಬೀಗದ ಕೈ ಡ್ರೈವರನ ಕೈಗೆ ಬರುತ್ತದೆ. ಒಲ್ಲೆನೆಂದರೆ ಅದೇ ಬೀಗದ ಕೈಗೆ ಇನ್ನೊಬ್ಬನು ಕೈ ನೀಡಿ ನಿಂತಿರುತ್ತಾನೆ. ಆತನ ಸಂಪಾದನೆ ಟ್ರಿಪ್ಪಿನ ಲೆಕ್ಕದ ಮೇಲಿದ್ದರೆ ತಡವಾದ ಪ್ರತಿಯೊಂದು ಗಂಟೆಯೂ ಆತನ ಬತ್ತೆಯಿಂದಲೇ ಹೋಗುವುದು.

ನಗರವಾಸಿಗಳಾದ ನಮಗೆ ಹತ್ತಿರವಾದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮನೆ ಕಟ್ಟಿಸುವವರು ಒಂದು ಲೋಡು ಮರಳಿಗೆ ಹೇಳಿ ಕಳುಹಿಸುತ್ತಾರೆ. ಒಂದು ಘನ ಮೀಟರು ಒಣ ಮರಳು ಸುಮಾರು 1.6 ಟನ್ನು ತೂಗುತ್ತದೆ. ನೀರು ಸೋರುತ್ತಿರುವ ಹೊಳೆಯ ಮರಳು ಎರಡು ಟನ್ನಿನ ಹತ್ತಿರಕ್ಕೆ ಬರುತ್ತದೆ. ಅಳತೆಯು ಅಡಿಗಳ ಲೆಕ್ಕದಲ್ಲಿ ನಡೆದರೆ ಎರಡಕ್ಕೂ ಬೆಲೆ ಒಂದೇ, ನೋಟಕ್ಕೂ ಎರಡೂ ಒಂದೇ. ಆದರೆ ಹತ್ತು ಟನ್ನು ಹೊರಬೇಕಾದ ಲಾರಿಯಲ್ಲಿ ಅದೇ ಹಲಗೆಯ ಮಟ್ಟಕ್ಕೆ ಹಸಿ ಮರಳನ್ನು ತುಂಬಿದರೆ ಹನ್ನೆರಡು ಟನ್ನು ಮೀರಬಹುದು. ಹಲಗೆಯ ಮೇಲೆ ಇನ್ನೊಂದು ಹಲಗೆ ಕಟ್ಟಿ ತುಂಬುವುದೂ ಉಂಟು. ಆಗಿನ ಲೆಕ್ಕವನ್ನು ಹೇಳದಿರುವುದೇ ಮೇಲು. ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಗದ ಹೊರತು ತನ್ನ ಬೆನ್ನಿನ ಹಿಂದೆ ಎಷ್ಟು ಭಾರವಿದೆಯೆಂಬುದು ಡ್ರೈವರನಿಗೆ ತಿಳಿಯುವುದು ಏರಿನಲ್ಲಿ ಎಂಜಿನಿನ ದನಿಯಿಂದ, ಇಳಿಜಾರಿನಲ್ಲಿ ಬ್ರೇಕು ಹಿಡಿಯುವ ರೀತಿಯಿಂದ. ಅನುಭವಸ್ಥರು ಇದನ್ನು ಬಹಳ ಚೆನ್ನಾಗಿ ತಿಳಿಯಬಲ್ಲರು. ಆದರೆ ತಿಳಿಯುವ ಹೊತ್ತಿಗೆ ಲಾರಿ ಊರು ಬಿಟ್ಟಿರುತ್ತದೆ.

ಈ ವಿಷಯದಲ್ಲಿ ಕಾಯಿದೆಯು ಲೋಕಕ್ಕಿಂತ ಹೆಚ್ಚು ನ್ಯಾಯವಾಗಿದೆಯೆಂದು ನಾವು ಒಪ್ಪಬೇಕು. 1988 ರ ಮೋಟಾರು ವಾಹನ ಕಾಯಿದೆಯ 113 ನೆಯ ಕಲಮು ಅಧಿಕ ಭಾರದ ವಾಹನವನ್ನು ನಡೆಸಿದವನನ್ನು ಮಾತ್ರವಲ್ಲದೆ ನಡೆಸಿದವನ ಹಿಂದೆ ನಿಂತು ನಡೆಸಗೊಟ್ಟವನನ್ನೂ ಹಿಡಿಯುತ್ತದೆ. ವಾಹನವು ಡ್ರೈವರನ ಸ್ವಂತದ್ದಲ್ಲದಿದ್ದರೆ, ಮಾಲೀಕನಿಗೆ ತಿಳಿದೋ ಆತನ ಅಪ್ಪಣೆಯಿಂದಲೋ ಅಪರಾಧವು ನಡೆಯಿತೆಂದು ನ್ಯಾಯಾಲಯವು ಭಾವಿಸಬಹುದೆಂದೂ ಅದೇ ಕಲಮು ಹೇಳುತ್ತದೆ. 2019 ರ ತಿದ್ದುಪಡಿಯಿಂದ ದಂಡವು ಇಪ್ಪತ್ತು ಸಾವಿರ ರೂಪಾಯಿ, ಅದರ ಮೇಲೆ ಹೆಚ್ಚಿನ ಪ್ರತಿಯೊಂದು ಟನ್ನಿಗೆ ಎರಡು ಸಾವಿರ. ಹೆಚ್ಚಿನ ಹೇರನ್ನು ಇಳಿಸುವವರೆಗೂ ವಾಹನವನ್ನು ಮುಂದಕ್ಕೆ ಬಿಡಕೂಡದು. ಈ ಕೊನೆಯ ಮಾತೇ ಮುಖ್ಯವಾದುದು. ದಂಡ ಕಟ್ಟಿಸಿಕೊಂಡು ಅದೇ ಭಾರದೊಡನೆ ಲಾರಿಯನ್ನು ಬಿಟ್ಟುಕೊಡುವುದು ಕಾಯಿದೆಗೆ ವಿರೋಧವೆಂದು ಸುಪ್ರೀಂ ಕೋರ್ಟು 2005 ರಲ್ಲಿಯೇ ತೀರ್ಮಾನ ಮಾಡಿದೆ. ದಂಡ ಕೊಟ್ಟ ಮಾತ್ರಕ್ಕೆ ಮುಂದಿನ ಸೇತುವೆಗೆ ಬಲ ಬರುವುದಿಲ್ಲವಷ್ಟೆ. ಆದರೂ ಚೆಕ್‌ಪೋಸ್ಟಿನಲ್ಲಿ ಕೈ ಅಡ್ಡ ಹಿಡಿದಾಗ ನಿಲ್ಲುವವನು ಮಾಲೀಕನಲ್ಲ. ಇಳಿಸಿದ ಹೇರನ್ನು ಕಾಯುತ್ತ ರಸ್ತೆಯ ಬದಿಯಲ್ಲಿ ರಾತ್ರಿ ಕಳೆಯುವವರು ಡ್ರೈವರನೂ ಕ್ಲೀನರ್ ಹುಡುಗನೂ.

ನಿರ್ಬಂಧವನ್ನು ಗೌರವಿಸುವವನ ಕಷ್ಟವೂ ಅಲ್ಪವಲ್ಲ. ನಮ್ಮ ಘಟ್ಟದ ದಾರಿಗಳನ್ನು ನೋಡಿ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಮಳೆಗಾಲ ಬಂದರೆ ಭಾರಿ ವಾಹನಗಳಿಗೆ ತಡೆ. ಚಾರ್ಮಾಡಿಯಲ್ಲಿ 2019 ರ ಆಗಸ್ಟಿನ ಭೂಕುಸಿತದ ಬಳಿಕ ಭಾರಿ ವಾಹನಗಳನ್ನು ನಿಲ್ಲಿಸಿದರು. ಜನರ ಪ್ರಾಣದ ದೃಷ್ಟಿಯಿಂದ ಇವು ಆವಶ್ಯಕವಾದ ಕ್ರಮಗಳೇ. ಆದರೆ ಬಳಸು ದಾರಿಯ ಡೀಸೆಲಿನ ಖರ್ಚು ಯಾರದು, ತಪ್ಪಿದ ಹೊತ್ತಿಗೆ ಯಾರು ಹೊಣೆ ಎಂಬುದನ್ನು ತಡೆ ಹಾಕಿದ ಆಜ್ಞೆಯು ಹೇಳುವುದಿಲ್ಲ. ಕೆಲವು ಸೇತುವೆಗಳಿಗೆ ಭಾರಿ ಲಾರಿಗಳು ನುಗ್ಗದಂತೆ ಎತ್ತರದಲ್ಲಿ ಕಬ್ಬಿಣದ ಅಡ್ಡಕಂಬಿಯನ್ನು ಹಾಕುತ್ತಾರೆ. ಆ ಕಂಬಿಯು ಅಳೆಯುವುದು ಎತ್ತರವನ್ನೇ ಹೊರತು ತೂಕವನ್ನಲ್ಲ. ಹತ್ತಿಯ ಅಂಡಿಗೆಗಳನ್ನು ಎತ್ತರಕ್ಕೆ ಹೇರಿದ ಲಾರಿಯನ್ನು ಅದು ತಡೆಯುತ್ತದೆ. ಕಬ್ಬಿಣದ ಸರಳುಗಳನ್ನು ತಗ್ಗಾಗಿ ತುಂಬಿದ ಲಾರಿಯು ತಲೆತಗ್ಗಿಸಿದಂತೆ ನುಸುಳಿ ಹೋಗುತ್ತದೆ.

ಫಲಕವನ್ನು ಡ್ರೈವರನು ನಂಬಬೇಕು ಎನ್ನುತ್ತೇವೆ. ಫಲಕವಿಲ್ಲದ ಕಡೆ ಆತನು ಸೇತುವೆಯನ್ನೇ ನಂಬಬೇಕಾಗುತ್ತದೆ ಎಂಬುದನ್ನು ಮರೆಯುತ್ತೇವೆ. 2024 ರ ಆಗಸ್ಟ್ 7 ರಂದು ನಡುರಾತ್ರಿ ಕಳೆದ ಮೇಲೆ, ಗೋವೆಯಿಂದ ಕಾರವಾರಕ್ಕೆ ಬರುವ ಹೆದ್ದಾರಿಯಲ್ಲಿ ಕಾಳೀ ನದಿಯ ಹಳೆಯ ಸೇತುವೆಯು ಕುಸಿದುಬಿತ್ತು. ಅದರ ವಯಸ್ಸು ನಾಲ್ಕು ದಶಕಗಳಿಗೆ ತುಸು ಹೆಚ್ಚು. ಶ್ರೀರಂಗಪಟ್ಟಣದ ಕಲ್ಲಿನ ಮುಂದೆ ಮೊಮ್ಮಗುವೂ ಅಲ್ಲ. ಸೇತುವೆಯ ಮೇಲಿದ್ದ ಒಂದು ಲಾರಿಯು ಹೊಳೆಗೆ ಬಿತ್ತು. ಅದರ ಡ್ರೈವರನು ಕ್ಯಾಬಿನ್ನಿನ ಮೇಲಕ್ಕೆ ಹತ್ತಿ ಕತ್ತಲಲ್ಲಿ ಕುಳಿತಿದ್ದನು. ಪೋಲೀಸರೂ ಸ್ಥಳದ ಮೀನುಗಾರರೂ ಹೋಗಿ ಆತನನ್ನು ಪಾರುಮಾಡಿದರು. ಆತನ ಲಾರಿಯಲ್ಲಿ ಅಧಿಕ ಭಾರವಿದ್ದಿತೆಂದು ನಾವು ಹೇಳುತ್ತಿಲ್ಲ. ನಿತ್ಯವೂ ಬಸ್ಸುಗಳು ಲಾರಿಗಳು ದಾಟುತ್ತಿದ್ದ ದಾರಿಯನ್ನು ಆತನೂ ದಾಟುತ್ತಿದ್ದನು. ಮರುವರ್ಷ, 2025 ರ ಜುಲೈ 9 ರ ಬೆಳಿಗ್ಗೆ, ಗುಜರಾತಿನ ಮಹೀಸಾಗರ ನದಿಯ ಮೇಲಿನ ಗಂಭೀರಾ ಸೇತುವೆಯ ಒಂದು ಭಾಗವು ಮುರಿದು ವಾಹನಗಳು ನೀರಿಗೆ ಬಿದ್ದು ಹಲವರು ಸತ್ತರು. ತುಂಡಾದ ಅಂಚಿನಲ್ಲಿ ಒಂದು ಟ್ಯಾಂಕರು ವಾರಗಟ್ಟಲೆ ನೇತುಕೊಂಡು ನಿಂತಿದ್ದ ಚಿತ್ರವನ್ನು ಪತ್ರಿಕೆಗಳಲ್ಲಿ ತಾವು ನೋಡಿರಬಹುದು. ಅದಾದ ಮೇಲೆ ಆ ಪ್ರಾಂತದ ಅನೇಕ ಸೇತುವೆಗಳ ಮೇಲೆ ಭಾರಿ ವಾಹನಗಳಿಗೆ ನಿರ್ಬಂಧ ಬಂದಿತು. ಮೊದಲು ಪರೀಕ್ಷೆ, ಆಮೇಲೆ ಫಲಕ, ಕುಸಿತವು ಎಂದಿಗೂ ಬೇಡ ಎಂಬ ಕ್ರಮವು ಇಲ್ಲಿ ತಲೆಕೆಳಗಾದಂತಿದೆ.

ತೂಕದ ಪ್ರಶ್ನೆಯನ್ನು ಕೇಳತಕ್ಕ ಸ್ಥಳವು ಸೇತುವೆಯ ಬಾಯಲ್ಲ, ಹೇರು ತುಂಬುವ ಕಲ್ಲುಗಣಿ, ಕ್ರಷರು, ಗೋದಾಮು. ಅಲ್ಲಿ ತೂಕದ ಚೀಟಿಯಿಲ್ಲದೆ ಲಾರಿ ಹೊರಡಕೂಡದೆಂದಾದರೆ ಡ್ರೈವರನು ಮಾಲೀಕನೊಡನೆ ವಾದಿಸಬೇಕಾದ ಪ್ರಮೇಯವೇ ಬರುವುದಿಲ್ಲ. ಚೀಟಿಯೇ ಆತನ ಪರವಾಗಿ ಮಾತನಾಡುತ್ತದೆ. ಮನೆ ಕಟ್ಟಿಸುವ ಶ್ರೋತೃಗಳೂ ಜಲ್ಲಿ ಮರಳುಗಳನ್ನು ಇಳಿಸಿಕೊಳ್ಳುವಾಗ ಈ ಚೀಟಿಯನ್ನು ಕೇಳಬಹುದು. ನಾಲ್ಕು ಜನ ಕೇಳತೊಡಗಿದರೆ ವ್ಯಾಪಾರಿಯು ತಾನಾಗಿ ಅದನ್ನು ಇಟ್ಟುಕೊಳ್ಳುತ್ತಾನೆ.

ಕೊನೆಯದಾಗಿ ಫಲಕವನ್ನು ನೆಡುವ ಜಾಗದ ಮಾತು. ಸೇತುವೆಯ ಸ್ಥಿತಿಯನ್ನು ನೋಡಿ ವಾಹನಗಳನ್ನು ತಡೆಯುವ ಅಧಿಕಾರವನ್ನು ಅದೇ ಕಾಯಿದೆಯ 115 ನೆಯ ಕಲಮು ಕೊಡುತ್ತದೆ. ಅದಕ್ಕೆ ತಕ್ಕ ಸ್ಥಳಗಳಲ್ಲಿ ಗುರುತುಗಳನ್ನು ನಿಲ್ಲಿಸಬೇಕೆಂದೂ ಇದೆ. ಸೇತುವೆಯಿಂದ ಇಪ್ಪತ್ತು ಗಜದ ದೂರ ತಕ್ಕ ಸ್ಥಳವಲ್ಲ. ಅಲ್ಲಿಗೆ ಬಂದ ಮೇಲೆ ಭಾರಿ ಲಾರಿಯು ತಿರುಗಲಾರದು. ಹಿಂದೆ ಬಸ್ಸು ಹಾರನ್ ಹೊಡೆಯುತ್ತಿರುತ್ತದೆ, ಪಕ್ಕದಲ್ಲಿ ಕಾಲುವೆಯಿರುತ್ತದೆ. ಅದೇ ಫಲಕವನ್ನು ದಾರಿ ಕವಲೊಡೆಯುವ ಹಿಂದಿನ ಊರಿನ ಕೂಡುರಸ್ತೆಯಲ್ಲಿ, ರಾತ್ರಿಯ ದೀಪದ ಬೆಳಕಿಗೆ ಹೊಳೆಯುವಂತೆ, ಬಳಸು ದಾರಿಯ ಹೆಸರನ್ನೂ ದೂರವನ್ನೂ ಬರೆದು ನೆಡಲಿ. ಅಲ್ಲಿ ಲಾರಿಯನ್ನು ತಿರುಗಿಸಲು ಜಾಗವಿದೆ, ಮಾಲೀಕನಿಗೆ ಫೋನು ಮಾಡಲು ಚಹದಂಗಡಿಯ ಜಗಲಿಯಿದೆ, ಸೇತುವೆಯ ಸಂಗತಿಯನ್ನು ಬಲ್ಲ ಊರಿನ ಜನರೂ ಇದ್ದಾರೆ.