ಒಂದು ಒಲೆ, ಹಲವು ಮನೆ

ಮಳೆಗಾಲದಲ್ಲಿ ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಹೊರಟವರಿಗೆ ಹೊಲದಂಚಿನಲ್ಲಿ ಎತ್ತರದ ಚೌಕ ಕಟ್ಟಡಗಳು ಕಾಣುತ್ತವೆ. ಬುಡದಲ್ಲಿ ಸೌದೆ ತುಂಬುವ ಒಲೆಬಾಯಿ, ಮೇಲೆ ಹೊಗೆಗೊಳವೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳು ಇವು. ಅತ್ತ ಕೆ.ಆರ್. ನಗರ, ಇತ್ತ ಎಚ್.ಡಿ. ಕೋಟೆಯವರಿಗೂ ಈ ಒಲೆಯ ಗುಣ ಚೆನ್ನಾಗಿ ಗೊತ್ತು.

ಇಲ್ಲಿ ಬೆಂಕಿಯಾಗಲಿ ಹೊಗೆಯಾಗಲಿ ಸೊಪ್ಪಿಗೆ ತಾಗುವುದಿಲ್ಲ. ತಗಡಿನ ಕೊಳವೆಗಳೊಳಗೆ ಹೊಗೆ ಹರಿದು ಕೋಣೆ ಕಾಯುತ್ತದೆ. ಸುಮಾರು 35 ಡಿಗ್ರಿ ಶಾಖದಲ್ಲಿ ಎಲೆ ಹಳದಿಗೆ ತಿರುಗಬೇಕು. ಆಮೇಲೆ ಹಂತಹಂತವಾಗಿ ಏರಿಸಿ, ಕಡೆಗೆ 70 ಡಿಗ್ರಿಯ ಆಸುಪಾಸಿನಲ್ಲಿ ನಡುದಂಟು ಒಣಗಿಸಬೇಕು. ಐದಾರು ದಿನದ ಕೆಲಸ. ನಡುರಾತ್ರಿಯಲ್ಲೂ ಒಬ್ಬರು ಎದ್ದು ಉರಿ ನೋಡಬೇಕು.

ಗಿಡದ ಎಲೆಗಳು ಒಟ್ಟಿಗೆ ಬಲಿಯುವುದಿಲ್ಲ. ಬುಡದಿಂದ ಮೇಲಕ್ಕೆ, ಸರದಿಗೆ ಎರಡು ಮೂರು ಎಲೆಯಂತೆ ಮುರಿಯುತ್ತಾರೆ. ತುಂಡು ಜಮೀನಿನವರ ಸೊಪ್ಪಿಗೆ ಬ್ಯಾರನ್ ತುಂಬುವುದಿಲ್ಲ. ಹಾಗೆಂದು ಅರೆ ತುಂಬಿದ ಬ್ಯಾರನ್ ಅರ್ಧ ಸೌದೆಗೆ ಕಾಯುವುದೂ ಇಲ್ಲ. ಅಣ್ಣತಮ್ಮಂದಿರು, ಅಕ್ಕಪಕ್ಕದ ಹೊಲದವರು ಒಂದೇ ಬ್ಯಾರನ್ನಿಗೆ ಸರದಿ ಹಚ್ಚುವುದು ಇದಕ್ಕೇ. ಸೊಪ್ಪನ್ನು ಕಡ್ಡಿಗೆ ಕಟ್ಟಲು ಮುಯ್ಯಾಳು. ಇಂದು ಇವರ ಮನೆಗೆ, ನಾಳೆ ಅವರ ಮನೆಗೆ.

ಒಂದು ಒಲೆಯ ಸುತ್ತ ಹಲವು ಮನೆ ಸೇರುವುದು ದೂರದೇಶಗಳಲ್ಲೂ ಉಂಟು. ಮೊರಾಕ್ಕೊದ ಹಳೆಯ ಊರುಗಳಲ್ಲಿ ಮನೆಯಲ್ಲಿ ನಾದಿದ ಬ್ರೆಡ್ಡಿನ ಹಿಟ್ಟನ್ನು ಮಕ್ಕಳು ಹಲಗೆಯ ಮೇಲಿಟ್ಟುಕೊಂಡು ಬೀದಿಯ ಒಲೆಗೆ ಒಯ್ಯುತ್ತಾರೆ. ಯಾವುದು ಯಾರ ಮನೆಯದೆಂದು ಒಲೆಯವನು ಗುರುತಿಡುತ್ತಾನೆ. ಫ್ರಾನ್ಸಿನಲ್ಲಿ ಮಾತ್ರ ಇದರ ಕಹಿ ಮುಖವೂ ಇತ್ತು. ಒಲೆ ಜಮೀನ್ದಾರನದು, ಅಲ್ಲೇ ಬೇಯಿಸಬೇಕು, ಕಾಣಿಕೆಯನ್ನೂ ಕೊಡಬೇಕು. 1789ರ ಕ್ರಾಂತಿಯ ಬಳಿಕ ಆ ಕಟ್ಟಳೆ ಹೋಯಿತು. ಹಂಚಿಕೊಳ್ಳುವ ಒಲೆ ಯಾರ ಕೈಯಲ್ಲಿದೆ ಎಂಬುದರ ಮೇಲೆ ಎಷ್ಟೊಂದು ನಿಂತಿದೆ!

ಹೊಗೆಸೊಪ್ಪಿನ ದಿನಗಳು ಹೀಗೇ ಉಳಿಯುವುದಿಲ್ಲ. 1976ರಲ್ಲಿ ಶುರುವಾದ ತಂಬಾಕು ಮಂಡಳಿಯ ಪರವಾನಗಿ, ಕಟ್ಟೆಮಳಲವಾಡಿ, ಕಂಪಲಾಪುರಗಳ ಹರಾಜು ಕಟ್ಟೆ ಸಾವಿರಾರು ಸಂಸಾರಗಳಿಗೆ ಕೈಕಾಸು ತಂದಿರುವುದು ನಿಜ. ತಂಬಾಕು ಜೀವ ತೆಗೆಯುವುದೂ ಅಷ್ಟೇ ನಿಜ. ತಂಬಾಕು ನಿಯಂತ್ರಣದ ಜಾಗತಿಕ ಒಪ್ಪಂದವನ್ನು ಭಾರತ 2004ರಲ್ಲೇ ಅನುಮೋದಿಸಿದೆ. ಸೌದೆಗಾಗಿ ಉರುಳುವ ಮರಗಳ ಲೆಕ್ಕ ಬೇರೆ. ಆದರೆ ಬೆಳೆ ಬದಲಾದರೂ, ಉರಿ ಕಾಯುವ ಕಣ್ಣು, ಸರದಿ ನಡೆಸುವ ನಂಬಿಕೆ ಈ ನಾಲ್ಕು ತಾಲ್ಲೂಕಿನ ಸ್ವತ್ತು. ಅದನ್ನು ಅನ್ನದ ಕಡೆಗೆ ತಿರುಗಿಸಬಹುದು, ಊರವರೆಲ್ಲ ಹಂಚಿಕೊಳ್ಳುವ ಅಡುಗೆಯ ಒಲೆಯೊಂದನ್ನು ಕಟ್ಟಿ.

ಕಾಲೇಜು ಮಕ್ಕಳ ಎನ್‌ಎಸ್‌ಎಸ್ ವಿಶೇಷ ಶಿಬಿರ ಹಳ್ಳಿಯಲ್ಲಿ ಏಳು ದಿನ ನಡೆಯುತ್ತದೆ. ಬ್ಯಾರನ್ ಕಟ್ಟಿ ಪಳಗಿದ ಗಾರೆಯವರು ಜೊತೆಗಿದ್ದರೆ, ಇಟ್ಟಿಗೆ, ಜೇಡಿಮಣ್ಣು, ಮರಳಿನಲ್ಲಿ ಗುಮ್ಮಟದ ಒಲೆಯೊಂದನ್ನು ಅಷ್ಟರೊಳಗೆ ಎಬ್ಬಿಸಬಹುದು. ಪಿಜ್ಜಾ ಸುಡುವುದು ಇಂಥದರಲ್ಲೇ. ಹಸಿ ಗೋಡೆಗೆ ಒಮ್ಮೆಲೇ ದೊಡ್ಡ ಉರಿ ಕೊಟ್ಟರೆ ಬಿರುಕು ಬಿಡುತ್ತದೆ, ಸಣ್ಣ ಬೆಂಕಿಯಲ್ಲಿ ದಿನದಿನ ಒಣಗಿಸಬೇಕು. ಕಾದ ಗುಮ್ಮಟ ಗಂಟೆಗಟ್ಟಲೆ ಬಿಸಿ ಹಿಡಿದಿರುತ್ತದೆ. ಮೊದಲ ಕಾವಿಗೆ ಪಿಜ್ಜಾ, ಇಳಿದ ಕಾವಿಗೆ ರಾಗಿ ಬನ್ನು, ಆಮೇಲೆ ಗೆಣಸು, ಕಡೆಯ ಬಿಸುಪಿಗೆ ಕಡಲೆಕಾಯಿ. ಒಂದೇ ಮನೆಗಾದರೆ ಇಷ್ಟು ಶಾಖ ದಂಡ. ಹತ್ತು ಮನೆಗಾದರೆ ಒಂದೇ ಹೊರೆ ಸೌದೆ ಎಲ್ಲರಿಗೂ ಒದಗುತ್ತದೆ.

ಶಿಬಿರ ಮುಗಿದ ಮೇಲೆ ಬೀಗದ ಕೈ ಯಾರಲ್ಲಿ, ಸೌದೆ ಯಾರದು, ಮಳೆಗೆ ಮೇಲೊಂದು ಸೂರು ಹಾಕುವವರು ಯಾರು ಎಂಬುದನ್ನು ಮೊದಲ ಇಟ್ಟಿಗೆಗೆ ಮುಂಚೆಯೇ ಊರವರು ಕೂತು ಗೊತ್ತುಮಾಡಬೇಕು. ಹೊಗೆಸೊಪ್ಪಿನ ನಾಟಿ ಶುರುವಾದರೆ ಯಾರಿಗೂ ಪುರುಸೊತ್ತಿರುವುದಿಲ್ಲ; ಬೇಸಿಗೆಯಲ್ಲೇ ಈ ಮಾತುಕತೆ ಆಗಬೇಕು.